ರಿಮೋಟ್ ಡೆಸ್ಕ್‌ಟಾಪ್ ನಿಧಾನವೇ? ಸೆಟ್ಟಿಂಗ್ ಮುಟ್ಟುವ ಮೊದಲು ಅಡ್ಡಿ ಎಲ್ಲಿದೆ ಎಂದು ಪತ್ತೆಹಚ್ಚಿ

ದೂರದ ಕಂಪ್ಯೂಟರಿಗೆ ಲಾಗಿನ್ ಆಗಿ ಕೆಲಸ ಮಾಡುವವರಿಗೆಲ್ಲ ಈ ಸಂಕಟ ಗೊತ್ತು. ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಮುಂದಿನ ಪದ ಮರೆತುಹೋಗುತ್ತದೆ. ಕ್ಲಿಕ್ಕಿಗೆ ಉತ್ತರ ಬರಲಿಲ್ಲವೆಂದು ಇನ್ನೊಮ್ಮೆ ಒತ್ತಿದರೆ ಒಂದೇ ಫೈಲ್ ಎರಡು ಸಲ ತೆರೆದುಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡು ಕೆಲಸ: ವಾಲ್‌ಪೇಪರ್ ತೆಗೆಯುವುದು, ಇಲ್ಲವೇ ಹೆಚ್ಚು ವೇಗದ ಇಂಟರ್ನೆಟ್ ಪ್ಲಾನ್ ಹಾಕಿಸುವುದು. ಬಹಳ ಸಲ ಎರಡರಿಂದಲೂ ಏನೂ ಆಗುವುದಿಲ್ಲ. ಅಡ್ಡಿ ಇರುವುದು ಬೇರೆ ಕಡೆ.

ಈ ಸಂಪರ್ಕದಲ್ಲಿ ಮೂರು ಭಾಗಗಳಿವೆ. ನಿಮ್ಮ ಮುಂದಿರುವ ಕಂಪ್ಯೂಟರ್ ಮತ್ತು ಮನೆಯ ನೆಟ್‌ವರ್ಕ್ ಒಂದು. ನಡುವಿನ ದಾರಿ ಇನ್ನೊಂದು. ಆಚೆಯ ಕಂಪ್ಯೂಟರ್ ಮೂರನೆಯದು. ಯಾವ ಭಾಗ ಕೈಕೊಡುತ್ತಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯಬಹುದು. ಅದು ತಿಳಿಯುವವರೆಗೆ ಒಂದೇ ಒಂದು ಸೆಟ್ಟಿಂಗ್ ಕೂಡ ಬದಲಿಸಬೇಡಿ. ಇಲ್ಲಿರುವುದು ಮುಖ್ಯವಾಗಿ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಆರ್‌ಡಿಪಿ ಕುರಿತ ವಿವರ. ಆದರೆ ಹುಡುಕುವ ಕ್ರಮ ಬೇರೆ ತಂತ್ರಾಂಶಗಳಿಗೂ ಹೊಂದುತ್ತದೆ.

ಹೆಜ್ಜೆ 1: ನೋಟ್‌ಪ್ಯಾಡ್‌ನಲ್ಲಿ ಒಂದು ಸಾಲು ಬರೆಯಿರಿ

ಆಚೆ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು, ಪರದೆಯ ಮೇಲೆ ಕಣ್ಣಿಟ್ಟು, ಒಂದು ಸಾಲು ಬಿರುಸಾಗಿ ಟೈಪ್ ಮಾಡಿ. ಅಕ್ಷರಗಳು ಹೇಗೆ ಬರುತ್ತವೆ ಎಂಬುದನ್ನಷ್ಟೇ ಗಮನಿಸಿ.

ಪ್ರತಿ ಅಕ್ಷರವೂ ಒಂದೇ ಅಳತೆಯ ತಡದಲ್ಲಿ, ನಿಮ್ಮ ಬೆರಳನ್ನು ಹಿಂಬಾಲಿಸಿದಂತೆ ಬರುತ್ತಿದ್ದರೆ ಅದು ದೂರದ ತೊಂದರೆ. ಮಾಹಿತಿ ಹೋಗಿ ಬರಲು ಹಿಡಿಯುವ ಸಮಯ, ಅಂದರೆ ಲೇಟೆನ್ಸಿ, ಹೆಚ್ಚಿದೆ. ಸ್ವಲ್ಪ ಹೊತ್ತು ಏನೂ ಬಾರದೆ ಆಮೇಲೆ ಹತ್ತು ಅಕ್ಷರ ಒಟ್ಟಿಗೆ ಬಂದು ಬಿದ್ದರೆ ದಾರಿಯಲ್ಲಿ ಪ್ಯಾಕೆಟ್‌ಗಳು (ಮಾಹಿತಿಯ ಸಣ್ಣ ತುಣುಕುಗಳು) ಕಳೆದುಹೋಗುತ್ತಿವೆ ಅಥವಾ ಎಲ್ಲೋ ಸಾಲುಗಟ್ಟಿ ನಿಂತಿವೆ. ವೈ-ಫೈ ಮೇಲೆ ಮೊದಲ ಅನುಮಾನ ಪಡಿ. ಅಕ್ಷರಗಳು ಸರಾಗವಾಗಿ ಬಂದು, ಫೈಲ್ ತೆರೆಯುವುದು ಅಥವಾ ಸ್ಟಾರ್ಟ್ ಮೆನು ಮಾತ್ರ ತಿಣುಕುತ್ತಿದ್ದರೆ ನೆಟ್‌ವರ್ಕನ್ನು ಬಿಟ್ಟುಬಿಡಿ, ಬಳಲುತ್ತಿರುವುದು ಆಚೆ ಕಂಪ್ಯೂಟರ್. ಟೈಪಿಂಗ್ ಚೆನ್ನಾಗಿದ್ದು, ಉದ್ದದ ಪುಟ ಸ್ಕ್ರೋಲ್ ಮಾಡಿದಾಗ ಅಥವಾ ಚಿತ್ರ ಎಳೆದಾಗ ಮಾತ್ರ ಪರದೆ ತುಂಡುತುಂಡಾಗಿ ಬಂದರೆ, ಕಳಿಸಬೇಕಾದ ಚಿತ್ರಕ್ಕೆ ಲೈನ್ ಸಾಲುತ್ತಿಲ್ಲ ಎಂದರ್ಥ.

ಇಲ್ಲಿ ಒಂದು ಎಚ್ಚರಿಕೆ. ಮೌಸ್ ಬಾಣ ಸಲೀಸಾಗಿ ಓಡಾಡುತ್ತಿದೆ, ಹಾಗಾಗಿ ಸಂಪರ್ಕ ಸರಿಯಿದೆ ಎಂದುಕೊಳ್ಳಬೇಡಿ. ಆರ್‌ಡಿಪಿಯಲ್ಲಿ ಆ ಬಾಣವನ್ನು ಬಿಡಿಸುವುದು ನಿಮ್ಮ ಮುಂದಿರುವ ಕಂಪ್ಯೂಟರೇ. ಆಚೆಯದು ಪೂರಾ ಮರಗಟ್ಟಿ ನಿಂತಿದ್ದರೂ ಬಾಣ ಓಡುತ್ತಲೇ ಇರುತ್ತದೆ. ನಂಬಬೇಕಾದದ್ದು ಅಕ್ಷರಗಳನ್ನು.

ಪೂರ್ಣ ಪರದೆಯಲ್ಲಿದ್ದಾಗ ಮೇಲೆ ಕಾಣುವ ಪಟ್ಟಿಯಲ್ಲಿ ಸಿಗ್ನಲ್ ಗೀಟುಗಳ ಒಂದು ಗುರುತಿರುತ್ತದೆ. ಅದನ್ನು ಒತ್ತಿದರೆ ಸಂಪರ್ಕದ ಗುಣಮಟ್ಟ ಹೇಗಿದೆ, ಯುಡಿಪಿ (ತಲುಪಿತೇ ಎಂದು ಕಾಯದೆ ಪ್ಯಾಕೆಟ್ ಕಳಿಸುವ ವಿಧಾನ) ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಯುಡಿಪಿಯ ಮಾತು ಮುಂದೆ ಬರುತ್ತದೆ, ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಒಟ್ಟಿಗೆ ಮೂರು ಪಿಂಗ್

ಇಡೀ ಪತ್ತೆದಾರಿಕೆಯ ತಿರುಳು ಇದೇ. ಒಂದು ವಿಳಾಸಕ್ಕೆ ಸಣ್ಣ ಪ್ಯಾಕೆಟ್ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಹೇಳುವ ಆದೇಶವೇ ಪಿಂಗ್. ಮೂರು ಕಮಾಂಡ್ ಪ್ರಾಂಪ್ಟ್ ಕಿಟಕಿಗಳನ್ನು ಅಕ್ಕಪಕ್ಕ ತೆರೆಯಿರಿ. ಮೊದಲನೆಯದರಲ್ಲಿ ಮನೆಯ ರೂಟರಿಗೆ, ಎರಡನೆಯದರಲ್ಲಿ ಸದಾ ಉತ್ತರಿಸುವ ಯಾವುದಾದರೂ ಸಾರ್ವಜನಿಕ ವಿಳಾಸಕ್ಕೆ (8.8.8.8 ಸಾಕು), ಮೂರನೆಯದರಲ್ಲಿ ಆಚೆ ಕಂಪ್ಯೂಟರಿಗೆ ಪಿಂಗ್ ಕೊಡಿ. ಪಿಂಗ್ ಆದೇಶದ ಜೊತೆಗೆ -ಟಿ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಅದು ಓಡುತ್ತಿರುತ್ತದೆ. ಈಗ ಎಂದಿನಂತೆ ಕೆಲಸ ಮಾಡಿ. ಪರದೆ ನಿಂತ ಕ್ಷಣ ಮೂರೂ ಕಿಟಕಿಗಳನ್ನು ನೋಡಿ.

ರೂಟರಿನ ಉತ್ತರ ಕೇಬಲ್‌ನಲ್ಲಿ 1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಒಳ್ಳೆಯ ವೈ-ಫೈನಲ್ಲಿ ಒಂದಂಕಿಯಲ್ಲಿ ಇರಬೇಕು. ಅದೇ 200ಕ್ಕೆ ಜಿಗಿಯುತ್ತಿದ್ದರೆ ತೊಂದರೆ ನಿಮ್ಮ ಗೋಡೆಗಳ ಒಳಗೇ ಇದೆ. ರೂಟರ್ ಸರಿಯಾಗಿದ್ದು ಉಳಿದೆರಡೂ ಒಟ್ಟಿಗೆ ಏರಿದರೆ ಇಂಟರ್ನೆಟ್ ಲೈನ್ ಕಡೆ ನೋಡಿ. ಮೊದಲೆರಡೂ ಸರಿಯಾಗಿದ್ದು ಮೂರನೆಯದು ಮಾತ್ರ ಹಾಳಾಗಿದ್ದರೆ ವಿಪಿಎನ್ (ಕಚೇರಿಯ ನೆಟ್‌ವರ್ಕಿಗೆ ಒಯ್ಯುವ ಗುಪ್ತ ಸುರಂಗ), ಆಚೆಯ ನೆಟ್‌ವರ್ಕ್ ಅಥವಾ ಆಚೆಯ ಯಂತ್ರ ಕಾರಣ.

ಆಚೆ ಕಂಪ್ಯೂಟರ್ ಪಿಂಗ್‌ಗೆ ಉತ್ತರಿಸದಿದ್ದರೆ ಗಾಬರಿ ಬೇಡ, ಫೈರ್‌ವಾಲ್ ತಡೆದಿರಬಹುದು. ಆಗ ವಿಪಿಎನ್ ಒಳಗಿನ ಗೇಟ್‌ವೇ (ಆ ನೆಟ್‌ವರ್ಕಿನ ಹೆಬ್ಬಾಗಿಲು) ವಿಳಾಸಕ್ಕೆ ಕೊಟ್ಟು ನೋಡಿ.

ಅಂಕಿಗಳನ್ನು ಓದುವುದು ಹೇಗೆ? ನನ್ನ ಅನುಭವದಲ್ಲಿ 100 ಮಿಲಿಸೆಕೆಂಡಿನವರೆಗೆ ಕೆಲಸ ಹಿತವಾಗಿ ಸಾಗುತ್ತದೆ. 200 ದಾಟಿದರೆ ಟೈಪಿಂಗ್‌ನಲ್ಲಿ ತಡ ಎದ್ದು ಕಾಣುತ್ತದೆ. ಆದರೆ ಸರಾಸರಿಗಿಂತ ಏರಿಳಿತ ಮುಖ್ಯ. ಸದಾ 120ರಲ್ಲಿರುವ ಲೈನ್, 30ಕ್ಕೂ 400ಕ್ಕೂ ನಡುವೆ ಕುಣಿಯುವ ಲೈನಿಗಿಂತ ಎಷ್ಟೋ ಮೇಲು.

ದೂರಕ್ಕೆ ಮದ್ದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಗಾಜಿನ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 10,000 ಕಿಲೋಮೀಟರ್ ಆಚೆಯ ಕಂಪ್ಯೂಟರಿಗೆ ಹೋಗಿ ಬರಲು, ಕೇಬಲ್ ನೇರವಾಗಿದ್ದರೂ, 100 ಮಿಲಿಸೆಕೆಂಡ್ ಬೇಕೇ ಬೇಕು. 50 ಎಂಬಿಪಿಎಸ್ ಬದಲು 500 ಎಂಬಿಪಿಎಸ್ ಹಾಕಿಸಿದರೂ ಇದು ಒಂದು ಮಿಲಿಸೆಕೆಂಡ್ ಕೂಡ ಇಳಿಯುವುದಿಲ್ಲ.

ಹೆಚ್ಚು ವಿವರ ಬೇಕಿದ್ದರೆ ಪಾತ್‌ಪಿಂಗ್ ಎಂಬ ಆದೇಶ ದಾರಿಯ ಪ್ರತಿ ರೂಟರಿನ ಲೆಕ್ಕ ಕೊಡುತ್ತದೆ. ಇದನ್ನು ಓದುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ನಡುವಿನ ಒಂದು ರೂಟರ್ 40% ಪ್ಯಾಕೆಟ್ ಕಳೆದಂತೆ ತೋರಿ, ಅದರ ಮುಂದಿನವೆಲ್ಲ 0% ತೋರಿಸಿದರೆ ಅಲ್ಲಿ ತೊಂದರೆಯೇ ಇಲ್ಲ. ಆ ರೂಟರ್ ತನಗೇ ಬಂದ ಪಿಂಗ್‌ಗೆ ಉತ್ತರಿಸಲು ಆಸಕ್ತಿ ತೋರುತ್ತಿಲ್ಲ, ಅಷ್ಟೇ. ನಷ್ಟ ಒಂದು ಹಂತದಲ್ಲಿ ಶುರುವಾಗಿ ಕೊನೆಯವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ನಷ್ಟ.

ಮನೆಯೊಳಗಿನ ಅಡ್ಡಿ: ವೈ-ಫೈ ಮತ್ತು ಅಪ್‌ಲೋಡ್

ವೈ-ಫೈ ಪರೀಕ್ಷೆ ಸರಳ. ಒಂದು ಈಥರ್ನೆಟ್ ಕೇಬಲ್ ತಂದು ರೂಟರಿಗೆ ನೇರವಾಗಿ ಸಿಕ್ಕಿಸಿ ಅರ್ಧ ದಿನ ಕೆಲಸ ಮಾಡಿ. ತೊಂದರೆ ಮಾಯವಾದರೆ ವಿಷಯ ಇತ್ಯರ್ಥವಾಯಿತು. ಕೇಬಲ್ಲಿನಲ್ಲೇ ಉಳಿಯಲು ಆಗುವುದಾದರೆ ಉಳಿಯಿರಿ. ಆಗದಿದ್ದರೆ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್‌ಗೆ ಬನ್ನಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಅವನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಒಲೆಯೂ ಇದೇ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿದ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೂಡ 2.4 ಗಿಗಾಹರ್ಟ್ಸ್ ಸಿಗ್ನಲ್ ಕೆಡಿಸಬಲ್ಲದು, ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಡಿಸ್ಕ್ ತೆಗೆದು ನೋಡಿ.

ಅಪ್‌ಲೋಡ್ ತೊಂದರೆ ಇನ್ನೂ ಸೂಕ್ಷ್ಮ. ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವಾರ ಪ್ರತಿ ಸಂಜೆ ಒಂದೇ ಹೊತ್ತಿಗೆ ನನ್ನ ರಿಮೋಟ್ ಪರದೆ ನಿಂತು ನಿಂತು ಹೋಗುತ್ತಿತ್ತು. ವೇಗ ಪರೀಕ್ಷಿಸಿದರೆ ಡೌನ್‌ಲೋಡ್ ಸರಿಯಾಗೇ ಇತ್ತು. ಕೊನೆಗೆ ಮೂರು ಪಿಂಗ್ ಕಿಟಕಿ ತೆರೆದು ಕಾದು ಕುಳಿತೆ. ರೂಟರ್ 2, 3, 2 ಎಂದು ಶಾಂತವಾಗಿತ್ತು. ಎರಡನೆಯ ಕಿಟಕಿಯಲ್ಲಿ ಅಂಕಿ 22ರಿಂದ 180ಕ್ಕೆ, ಅಲ್ಲಿಂದ 600ಕ್ಕೆ, ಆಮೇಲೆ 900ಕ್ಕೆ ಏರಿತು. ಮೇಜಿನ ಮೇಲೆ ಚಾರ್ಜಿಗಿಟ್ಟಿದ್ದ ಫೋನಿನ ಪರದೆಯಲ್ಲಿ ಫೋಟೋ ಬ್ಯಾಕಪ್‌ನ ಗುರುತು ಸುತ್ತುತ್ತಿತ್ತು. ಅದನ್ನು ನಿಲ್ಲಿಸಿದೆ. ಮೂರು ಸೆಕೆಂಡಿನಲ್ಲಿ ಅಂಕಿ ಮತ್ತೆ 22ಕ್ಕೆ ಇಳಿಯಿತು.

ಕಾರಣ ಇಷ್ಟು: ಅನೇಕ ಲೈನ್‌ಗಳಲ್ಲಿ ಅಪ್‌ಲೋಡ್ ದಾರಿ ಕಿರಿದು. ಫೋಟೋಗಳು ಅದನ್ನು ತುಂಬಿಸಿಬಿಟ್ಟರೆ ರೂಟರ್ ಅಥವಾ ಮೋಡೆಮ್ ಉಳಿದ ಪ್ಯಾಕೆಟ್‌ಗಳನ್ನು ಉದ್ದನೆಯ ಸರತಿಯಲ್ಲಿ ನಿಲ್ಲಿಸುತ್ತದೆ. ನೀವು ಒತ್ತಿದ ಒಂದು ಅಕ್ಷರ ಕೆಲವೇ ಬೈಟ್‌ಗಳದ್ದು, ಆದರೂ ಅದು ಆ ಸರತಿಯ ಕೊನೆಯಲ್ಲಿ ನಿಲ್ಲಬೇಕು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಬ್ಯಾಕಪ್ ಮತ್ತು ಕ್ಲೌಡ್ ಸಿಂಕ್ ತಂತ್ರಾಂಶಗಳಲ್ಲಿ ಅಪ್‌ಲೋಡ್ ಮಿತಿ ಹಾಕಿ, ಅಥವಾ ರಾತ್ರಿ ಹೊತ್ತಿಗೆ ಮುಂದೂಡಿ. ರೂಟರಿನಲ್ಲಿ ಈ ಸರತಿಯನ್ನು ನಿಯಂತ್ರಿಸುವ ಎಸ್‌ಕ್ಯುಎಂ ಎಂಬ ಸೌಲಭ್ಯ, ಎಫ್‌ಕ್ಯು-ಕೋಡೆಲ್ ಅಥವಾ ಕೇಕ್ ಹೆಸರಿನ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ, ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಅಂಕಿ ತುಂಬಿ. ಆಗ ಸರತಿ ಮೋಡೆಮ್‌ನಲ್ಲಿ ಬೆಳೆಯದೆ ರೂಟರಿನ ಹಿಡಿತದಲ್ಲೇ ಇರುತ್ತದೆ. ಹೊಸ ಪ್ಲಾನಿಗಿಂತ ಇದು ಹೆಚ್ಚು ಫಲ ಕೊಟ್ಟದ್ದನ್ನು ನಾನು ಕಂಡಿದ್ದೇನೆ.

ದಾರಿಯ ಅಡ್ಡಿ: ವಿಪಿಎನ್, ಎಂಟಿಯು, ಯುಡಿಪಿ

ವಿಪಿಎನ್ ಮೂಲಕ ಹೋಗುವವರು ಮೊದಲು ಇದನ್ನು ಕೇಳಿಕೊಳ್ಳಿ: ನಿಮ್ಮ ಎಲ್ಲ ಇಂಟರ್ನೆಟ್ ಓಡಾಟವೂ ಆ ಸುರಂಗದಲ್ಲೇ ಹೋಗುತ್ತಿದೆಯೇ? ಹೌದಾದರೆ ನೀವು ನೋಡುವ ವೀಡಿಯೋ, ವೀಡಿಯೋ ಕರೆ ಎಲ್ಲವೂ ಕಚೇರಿಯ ಗೇಟ್‌ವೇ ಸುತ್ತಿಕೊಂಡು ಬರುತ್ತವೆ. ಕಚೇರಿಯ ಕೆಲಸದ್ದು ಮಾತ್ರ ಸುರಂಗದಲ್ಲಿ ಹೋಗುವ ಸ್ಪ್ಲಿಟ್ ಟನೆಲ್ ವ್ಯವಸ್ಥೆಗೆ ನೆಟ್‌ವರ್ಕ್ ನೋಡಿಕೊಳ್ಳುವವರ ಅನುಮತಿ ಕೇಳಿ. ಅವರಿಗೆ ಭದ್ರತೆಯ ಕಾರಣಗಳಿರಬಹುದು. ನೀವಾಗಿಯೇ ತಪ್ಪಿಸಲು ಹೋಗಬೇಡಿ.

ಎರಡನೆಯದು, ವಿಪಿಎನ್ ಟಿಸಿಪಿ (ಕಳೆದ ಪ್ಯಾಕೆಟನ್ನು ಮತ್ತೆ ಕಳಿಸುವ ವಿಧಾನ) ಮೇಲೆ ಓಡುತ್ತಿದೆಯೇ ಎಂದು ನೋಡಿ. ಒಳಗೆ ಆರ್‌ಡಿಪಿಯ ಟಿಸಿಪಿ, ಹೊರಗೆ ವಿಪಿಎನ್‌ನ ಟಿಸಿಪಿ ಇದ್ದಾಗ ಒಂದು ಪ್ಯಾಕೆಟ್ ಕಳೆದರೆ ಎರಡೂ ಅದನ್ನು ಮತ್ತೆ ಕಳಿಸಲು ಹೊರಡುತ್ತವೆ. ಸ್ವಲ್ಪ ನಷ್ಟವಿದ್ದರೂ ಇಡೀ ಸಂಪರ್ಕ ತೆವಳತೊಡಗುತ್ತದೆ. ಓಪನ್‌ವಿಪಿಎನ್‌ನಲ್ಲಿ ಯುಡಿಪಿ ಆಯ್ಕೆ ಇದೆ, ವೈರ್‌ಗಾರ್ಡ್ ಯುಡಿಪಿಯನ್ನೇ ಬಳಸುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅತ್ತ ಹೋಗಿ.

ಎಂಟಿಯು ಅಂದರೆ ಒಂದು ಪ್ಯಾಕೆಟ್‌ಗೆ ಇರುವ ಗಾತ್ರದ ಮಿತಿ. ಅದರ ತೊಂದರೆಯ ಲಕ್ಷಣ ವಿಚಿತ್ರ. ಸಂಪರ್ಕ ಆಗುತ್ತದೆ, ಪಾಸ್‌ವರ್ಡ್ ಸ್ವೀಕಾರವಾಗುತ್ತದೆ, ಆಮೇಲೆ ಕಪ್ಪು ಪರದೆ. ಸಣ್ಣ ಪ್ಯಾಕೆಟ್‌ಗಳು ದಾಟಿಹೋಗಿ, ಪರದೆಯ ಚಿತ್ರ ಹೊತ್ತ ದೊಡ್ಡ ಪ್ಯಾಕೆಟ್‌ಗಳು ಎಲ್ಲೋ ನುಂಗಿಹೋದಾಗ ಹೀಗಾಗುತ್ತದೆ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 1500 ಬೈಟ್. ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಲೈನಿನಲ್ಲಿ 1492. ವಿಪಿಎನ್ ತನ್ನ ಹೊದಿಕೆ ಸೇರಿಸುವುದರಿಂದ ಒಳಗೆ ಇನ್ನೂ ಕಡಿಮೆ. ಪರೀಕ್ಷಿಸಲು ಪಿಂಗ್ ಆದೇಶಕ್ಕೆ -ಎಫ್ ಮತ್ತು -ಎಲ್ 1472 ಸೇರಿಸಿ ಆಚೆ ಕಂಪ್ಯೂಟರಿಗೆ ಕಳಿಸಿ. ಪ್ಯಾಕೆಟ್ ಒಡೆಯಬಾರದು ಎಂದು ಹೇಳುವುದು -ಎಫ್. 1472ಕ್ಕೆ 28 ಬೈಟ್ ತಲೆಬರಹ ಸೇರಿ 1500. ಪ್ಯಾಕೆಟ್ ಒಡೆಯಬೇಕು ಎಂಬ ಸಂದೇಶ ಬಂದರೆ ನಿಮ್ಮ ಯಂತ್ರಕ್ಕೆ ಮಿತಿ ತಿಳಿದಿದೆ, ತೊಂದರೆಯಿಲ್ಲ. ಸಣ್ಣ ಪಿಂಗ್ ಸರಿಯಾಗಿ ಬಂದು, ದೊಡ್ಡದಕ್ಕೆ ಯಾವ ಸಂದೇಶವೂ ಇಲ್ಲದೆ ಸಮಯ ಮುಗಿಯಿತು ಎಂದಷ್ಟೇ ಬಂದರೆ ದಾರಿಯಲ್ಲಿ ಯಾವುದೋ ಸಾಧನ ಸದ್ದಿಲ್ಲದೆ ನುಂಗುತ್ತಿದೆ. ಗಾತ್ರವನ್ನು ಹತ್ತತ್ತು ಇಳಿಸುತ್ತಾ ಹೋಗಿ. ಉದಾಹರಣೆಗೆ 1372 ದಾಟಿದರೆ ನಿಮ್ಮ ಮಿತಿ 1400. ವಿಪಿಎನ್ ಸೆಟ್ಟಿಂಗ್‌ನಲ್ಲಿ ಎಂಟಿಯು ಅಂಕಿಯನ್ನು ಅಷ್ಟಕ್ಕೆ ಅಥವಾ ಸ್ವಲ್ಪ ಕಡಿಮೆಗೆ ಇಳಿಸಿ.

ಇನ್ನು ಆರ್‌ಡಿಪಿಯ ಯುಡಿಪಿ. ಆರ್‌ಡಿಪಿ 8.0ರಿಂದ, ಅಂದರೆ ವಿಂಡೋಸ್ 8ರ ಕಾಲದಿಂದ, ಟಿಸಿಪಿ ಜೊತೆಗೆ ಯುಡಿಪಿಯೂ ಅದೇ 3389 ಪೋರ್ಟಿನಲ್ಲಿ ಬಳಕೆಯಾಗುತ್ತದೆ. ನಷ್ಟವಿರುವ ಲೈನಿನಲ್ಲಿ ಇದು ವರ. ಆದರೆ ಕೆಲವು ವಿಪಿಎನ್ ಮತ್ತು ಫೈರ್‌ವಾಲ್‌ಗಳು ಯುಡಿಪಿಯನ್ನು ಅರ್ಧಂಬರ್ಧ ಬಿಡುತ್ತವೆ. ಆಗ ಪರದೆ ಹಠಾತ್ತನೆ ನಿಂತು, ಕಡಿದು ಮರುಜೋಡಿಸಿದರೆ ಮತ್ತೆ ಸರಿಯಾಗುತ್ತದೆ. ಈ ಲಕ್ಷಣ ಕಂಡರೆ ನಿಮ್ಮ ಕಂಪ್ಯೂಟರಿನ ಗ್ರೂಪ್ ಪಾಲಿಸಿ ಎಡಿಟರ್ ತೆರೆದು, ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ಒಳಗೆ "ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್" ಎಂಬುದನ್ನು ಎನೇಬಲ್ ಮಾಡಿ ಎರಡು ದಿನ ನೋಡಿ. ವ್ಯತ್ಯಾಸ ಕಾಣದಿದ್ದರೆ ಮೊದಲಿದ್ದಂತೆ ಬಿಡಿ.

ಟೀಮ್‌ವ್ಯೂವರ್, ಎನಿಡೆಸ್ಕ್‌ನಂಥವು ನೇರ ಸಂಪರ್ಕ ಸಿಗದಿದ್ದರೆ ನಡುವಿನ ಸರ್ವರ್ ಮೂಲಕ ಸುತ್ತಿ ಬರುತ್ತವೆ. ನಿನ್ನೆ ಚೆನ್ನಾಗಿದ್ದದ್ದು ಇಂದು ನಿಧಾನವಾಗಲು ಇದೂ ಕಾರಣವಿರಬಹುದು. ಟೇಲ್‌ಸ್ಕೇಲ್ ಎಂಬ ವಿಪಿಎನ್ ಬಳಸುವವರು ಅದರ ಸ್ಟೇಟಸ್ ಆದೇಶ ಕೊಟ್ಟರೆ ಸಂಪರ್ಕ ಡೈರೆಕ್ಟ್ ಇದೆಯೋ ರಿಲೇ ಮೂಲಕವೋ ಎಂದು ಅದೇ ಹೇಳುತ್ತದೆ.

ಆಚೆಯ ಯಂತ್ರ

ಆಚೆ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅದು ಪೂರ್ಣ ಪರದೆಯಲ್ಲಿದ್ದಾಗಷ್ಟೇ ಆಚೆಗೆ ಹೋಗಬಹುದು. ಖಚಿತ ದಾರಿ ಕಂಟ್ರೋಲ್, ಆಲ್ಟ್, ಎಂಡ್. ಇದು ಆಚೆಗೆ ಕಂಟ್ರೋಲ್, ಆಲ್ಟ್, ಡಿಲೀಟ್ ಆಗಿ ತಲುಪುತ್ತದೆ, ಅಲ್ಲಿ ಟಾಸ್ಕ್ ಮ್ಯಾನೇಜರ್ ಒತ್ತಿ. ಡಿಸ್ಕ್ ಕಾಲಂ 100%ಕ್ಕೆ ಅಂಟಿಕೊಂಡಿದೆಯೇ, ಮೆಮೊರಿ ತುಂಬಿದೆಯೇ ನೋಡಿ. ಹಲವರು ಹಂಚಿಕೊಳ್ಳುವ ಸರ್ವರ್ ಆದರೆ ಯೂಸರ್ಸ್ ಟ್ಯಾಬ್ ನೋಡಿ: ಸೈನ್ ಔಟ್ ಮಾಡದೆ ಬರೀ ಕಿಟಕಿ ಮುಚ್ಚಿ ಹೋದವರ ಸೆಷನ್‌ಗಳು, ಅವರು ತೆರೆದಿಟ್ಟ ಬ್ರೌಸರ್‌ಗಳ ಸಮೇತ, ಮೆಮೊರಿ ಹಿಡಿದು ಕೂತಿರುತ್ತವೆ. ಸರ್ವರ್ ನೋಡಿಕೊಳ್ಳುವವರಿಗೆ ಇನ್ನೂ ಒಳ್ಳೆಯ ಸಾಧನವಿದೆ. ವಿಂಡೋಸ್ ಸರ್ವರ್ 2019ರಿಂದ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ "ಯೂಸರ್ ಇನ್‌ಪುಟ್ ಡಿಲೇ" ಎಂಬ ಕೌಂಟರ್ ಸಿಗುತ್ತದೆ. ಒತ್ತಿದ ಕೀಲಿ ಸರ್ವರ್ ತಲುಪಿದ ಮೇಲೆ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳಲು ಎಷ್ಟು ಹೊತ್ತು ಕಾಯಿತು ಎಂದು ಅದು ಹೇಳುತ್ತದೆ. ತಪ್ಪು ನೆಟ್‌ವರ್ಕಿನದೋ ಯಂತ್ರದ್ದೋ ಎಂಬ ವಾದಕ್ಕೆ ಅಲ್ಲೇ ತೆರೆ.

ಈಗ ಸೆಟ್ಟಿಂಗ್‌ಗಳು

ಲೈನ್ ಚಿತ್ರಗಳಿಗೆ ಸಾಲುತ್ತಿಲ್ಲ ಎಂದು ಖಚಿತವಾದ ಮೇಲೆ ಇಲ್ಲಿಗೆ ಬನ್ನಿ. ಅತಿ ಹೆಚ್ಚು ಲಾಭ ರೆಸಲ್ಯೂಷನ್ ಇಳಿಸುವುದರಲ್ಲಿದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, 1920×1080ರಲ್ಲಿ 21 ಲಕ್ಷ, ಅಂದರೆ ಕಾಲುಭಾಗ. ಎರಡು ಮಾನಿಟರ್ ಬದಲು ಒಂದೇ ಸಾಕಾಗುವುದಾದರೆ ಹಾಗೇ ಮಾಡಿ. ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕಿಟಕಿಯ ಎಕ್ಸ್‌ಪೀರಿಯೆನ್ಸ್ ಟ್ಯಾಬ್‌ನಲ್ಲಿ ಹಿನ್ನೆಲೆ ಚಿತ್ರ, ಅನಿಮೇಷನ್ ತೆಗೆಯಿರಿ. ಬಿಟ್‌ಮ್ಯಾಪ್ ಕ್ಯಾಶಿಂಗ್ (ಒಮ್ಮೆ ಬಂದ ಚಿತ್ರವನ್ನು ಕೂಡಿಟ್ಟು ಮತ್ತೆ ಬಳಸುವುದು) ಮಾತ್ರ ಇರಲಿ. ಲೋಕಲ್ ರಿಸೋರ್ಸಸ್ ಟ್ಯಾಬ್‌ನಲ್ಲಿ ಬೇಡದ ಪ್ರಿಂಟರ್, ಡ್ರೈವ್‌ಗಳ ಗುರುತು ತೆಗೆಯಿರಿ. ಆಚೆಯಿಂದ ಫೈಲ್ ಎಕ್ಸ್‌ಪ್ಲೋರರ್ ತೆರೆದಾಗಲೆಲ್ಲ ನಿಮ್ಮ ಡ್ರೈವ್‌ಗಳನ್ನು ಅದು ತಡಕಿ ನೋಡುವುದು ನಿಲ್ಲುತ್ತದೆ.

ನಿಧಾನವಲ್ಲ, ಕಡಿದುಹೋಗುತ್ತದೆ ಎಂದಾದರೆ

ಇದು ಬೇರೆಯೇ ಕಾಯಿಲೆ. ಕಡಿದುಹೋದ ಸಮಯಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಬನ್ನಿ, ವಿನ್ಯಾಸ ತಾನಾಗಿ ಕಾಣುತ್ತದೆ. ಸುಮ್ಮನೆ ಬಿಟ್ಟು ಕಾಫಿಗೆ ಹೋಗಿ ಬಂದಾಗ ಮಾತ್ರ ಕಡಿದಿರುತ್ತದೆ ಎಂದರೆ, ನಡುವಿನ ರೂಟರ್ ಅಥವಾ ಫೈರ್‌ವಾಲ್ ಮೌನವಾದ ಸಂಪರ್ಕವನ್ನು ಮರೆತುಬಿಡುತ್ತಿದೆ, ಇಲ್ಲವೇ ಸರ್ವರಿನಲ್ಲಿ ಐಡಲ್ ಮಿತಿ ಹಾಕಿದ್ದಾರೆ. ಮೊದಲನೆಯದಕ್ಕೆ ಆಚೆ ಕಂಪ್ಯೂಟರಿನ ಗ್ರೂಪ್ ಪಾಲಿಸಿಯಲ್ಲಿ ಕೀಪ್-ಅಲೈವ್ (ಸಂಪರ್ಕ ಜೀವಂತವಿದೆ ಎಂದು ತಿಳಿಸುವ ಸಂಕೇತ) ಅವಧಿಯನ್ನು 1 ನಿಮಿಷಕ್ಕೆ ಇಡಿ. ಕಡಿದ ಮೇಲೆ ಮತ್ತೆ ಸೇರಲೂ ಆಗದಿದ್ದರೆ ಆಚೆಯದು ನಿದ್ದೆಗೆ ಜಾರಿರಬಹುದು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ನಿಲ್ಲಿಸಿ. ಎರಡೂ ಯಂತ್ರಗಳ ನೆಟ್‌ವರ್ಕ್ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನೂ ತೆಗೆಯಿರಿ.

ಆಚೆ ಕಂಪ್ಯೂಟರಿನ ಈವೆಂಟ್ ವ್ಯೂವರ್‌ನಲ್ಲಿ ಟರ್ಮಿನಲ್‌ಸರ್ವೀಸಸ್-ಲೋಕಲ್‌ಸೆಷನ್‌ಮ್ಯಾನೇಜರ್ ಎಂಬ ದಾಖಲೆ ಇರುತ್ತದೆ. ಅದರಲ್ಲಿ 21 ಎಂದರೆ ಲಾಗಿನ್, 24 ಕಡಿತ, 25 ಮರುಸಂಪರ್ಕ. 40ರಲ್ಲಿ ಕಡಿತದ ಕಾರಣದ ಸಂಖ್ಯೆ ಇರುತ್ತದೆ. ನಿಮ್ಮ ಹಾಳೆಯ ಸಮಯಕ್ಕೆ ತಾಳೆ ಹಾಕಿ. 24ರ ಹಿಂದೆಯೇ ಬೇರೊಂದು ವಿಳಾಸದಿಂದ 25 ಬಂದಿದ್ದರೆ ಅದೇ ಖಾತೆಯಲ್ಲಿ ಇನ್ನೊಂದು ಕಡೆಯಿಂದ ಯಾರೋ ಒಳಬಂದಿದ್ದಾರೆ.

3389 ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರೆ ಇಂದೇ ಮುಚ್ಚಿ. ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲೂ ರಾತ್ರಿ ಬಾಗಿಲು ಬಡಿಯುತ್ತವೆ. ಸೆಕ್ಯುರಿಟಿ ದಾಖಲೆಯಲ್ಲಿ 4625 ಸಂಖ್ಯೆಯ ವಿಫಲ ಲಾಗಿನ್‌ಗಳು ಸಾಲಾಗಿ ಕಂಡರೆ ನಿಮ್ಮ ನಿಧಾನಕ್ಕೆ ಅದೂ ಒಂದು ಕಾರಣವಿರಬಹುದು. 2019ರಲ್ಲಿ ಬಯಲಾದ ಬ್ಲೂಕೀಪ್ ದೋಷದಲ್ಲಿ, ಹಳೆಯ ವಿಂಡೋಸ್‌ಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ಇದೇ ಆರ್‌ಡಿಪಿ ಮೂಲಕ ನುಗ್ಗಬಹುದಿತ್ತು. ವಿಪಿಎನ್ ಅಥವಾ 443 ಪೋರ್ಟಿನ ಆರ್‌ಡಿ ಗೇಟ್‌ವೇ ಹಿಂದೆ ಇಡಿ. ಪೋರ್ಟ್ ಸಂಖ್ಯೆ ಬದಲಿಸುವುದು ರಕ್ಷಣೆಯಲ್ಲ.

ಇಷ್ಟಾದರೂ ಬಗೆಹರಿಯದೆ ಬೇರೆಯವರ ನೆರವು ಕೇಳುವಾಗ "ತುಂಬಾ ಸ್ಲೋ ಇದೆ" ಎಂದು ಬರೆಯಬೇಡಿ, ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: "ಬೆಳಿಗ್ಗೆ 10:40ಕ್ಕೆ ಮತ್ತು 11:15ಕ್ಕೆ ಪರದೆ ಸುಮಾರು 20 ಸೆಕೆಂಡ್ ನಿಂತಿತು. ಕೇಬಲ್‌ನಲ್ಲಿದ್ದೆ. ರೂಟರ್ ಪಿಂಗ್ 1, ಹೊರಗಿನ ಪಿಂಗ್ 25, ಎರಡೂ ಕದಲಲಿಲ್ಲ. ವಿಪಿಎನ್ ಗೇಟ್‌ವೇ ಪಿಂಗ್ ಮಾತ್ರ ಆ ಹೊತ್ತಿನಲ್ಲಿ ನಿಂತುಹೋಯಿತು. ಯುಡಿಪಿ ನಿಲ್ಲಿಸಿದರೂ ಹಾಗೇ."